ಜಮಖಾನೆ ಹಾಸದ ಶನಿವಾರ

ಡಿಸೆಂಬರ್ ತಿಂಗಳ ಎರಡನೆಯ ಶನಿವಾರ, ಬೆಳಿಗ್ಗೆ ಏಳು ಗಂಟೆ, ಬೀದರಿನ ಚಿದ್ರಿಯಲ್ಲಿರುವ ನನ್ನ ಮನೆ. ಹಾಜರಿದ್ದವರು: ನಾನು, ಸಮಾಜಕಾರ್ಯದಲ್ಲಿ ಎಂ.ಎ. ಓದುವ ಮೂವರು ಹುಡುಗರು, ಜೀಪಿನ ಚಾಲಕ. ಇನ್ನೊಬ್ಬ ವಿದ್ಯಾರ್ಥಿನಿ ಭಾಲ್ಕಿಯಲ್ಲಿ ಹತ್ತುವವಳಿದ್ದಳು. ಬಾಗಿಲ ಪಕ್ಕದಲ್ಲಿದ್ದ ಜಮಖಾನೆಯನ್ನು ಎತ್ತಿ ಜೀಪಿನಲ್ಲಿಟ್ಟೆ. ಹೊರಡುವ ಗಡಿಬಿಡಿಯಲ್ಲಿ ಮರೆಯಬಾರದೆಂದು ಅದನ್ನು ಅಲ್ಲಿಡುವ ಪದ್ಧತಿ ನನ್ನ ಹೆಂಡತಿಯದು. ಅವಳು ಈ ಮಳೆಗಾಲದಲ್ಲಿ ತೀರಿಕೊಂಡಳು. ಪದ್ಧತಿ ಮುಂದುವರಿದಿದೆ.

ನಿವೃತ್ತಿಯ ನಂತರ ನಾವಿಬ್ಬರೂ ವಿಶ್ವವಿದ್ಯಾಲಯದ ಮಕ್ಕಳಿಗೆ ತರಬೇತಿ ಕೊಡುತ್ತಿದ್ದೆವು. ಊರಿನವರ ಜೊತೆ ಸಭೆ ನಡೆಸುವುದು ಹೇಗೆ, ಹಕ್ಕಿನ ಮಾತನ್ನು ಅವರೇ ಆಡುವಂತೆ ನೋಡಿಕೊಳ್ಳುವುದು ಹೇಗೆ ಎಂದು. ಮೊದಲ ಪಾಠವೇ ಜಮಖಾನೆ. ಹೋದ ಕೂಡಲೇ ಖುರ್ಚಿಗಳನ್ನು ಗೋಡೆಗೆ ಸರಿಸಬೇಕು, ಜಮಖಾನೆ ಹಾಸಬೇಕು, ಎಲ್ಲರೂ ದುಂಡಗೆ ನೆಲದ ಮೇಲೆ ಕೂಡಬೇಕು. ಮೇಲೆ ಕೂತವರು ಕೆಳಗೆ ಇಳಿಯುವ ತನಕ ಕೆಳಗಿದ್ದವರು ಬಾಯಿ ಬಿಡುವುದಿಲ್ಲ ಎನ್ನುತ್ತಿದ್ದಳು ನನ್ನ ಹೆಂಡತಿ.

ಅಂದು ಹೋಗಬೇಕಿದ್ದದ್ದು ಔರಾದ್ ತಾಲ್ಲೂಕಿನ ಗಡಿ ಕಡೆಯ ಒಂದು ಊರಿಗೆ. ಮಧ್ಯಾಹ್ನ ಅಲ್ಲಿ ಗ್ರಾಮಸಭೆ. ಹೊಸ ಅಂಗನವಾಡಿ ಎಲ್ಲಿ ಆಗಬೇಕೆಂಬುದರ ತೀರ್ಮಾನ. ಬೌದ್ಧರಾದ ದಲಿತ ಮನೆತನಗಳ ಓಣಿಯ ಮಕ್ಕಳು ಈಗಿನ ಅಂಗನವಾಡಿಗೆ ಕಬ್ಬಿನ ಲಾರಿ ಓಡಾಡುವ ರಸ್ತೆ ದಾಟಿ ಹೋಗಬೇಕು. ಓಣಿಯ ಹೆಂಗಸರು ಬಂದು ಕೇಳಿದರೆ ಕಟ್ಟಡ ಓಣಿಗೆ ಬರುತ್ತದೆ. ಬಾರದಿದ್ದರೆ ಊರಿನ ಆಚೆ ತುದಿಗೆ ಹೋಗುತ್ತದೆ. ಅದಕ್ಕಾಗಿ ಬೆಳಿಗ್ಗೆ ಪಂಚಾಯಿತಿ ಸಭಾಂಗಣದಲ್ಲಿ ಅವರೊಡನೆ ತಯಾರಿಯ ಸಭೆ ಇಟ್ಟಿದ್ದೆವು. ನಡೆಸುವವಳು ಭಾಲ್ಕಿಯ ಹುಡುಗಿ. ಅವಳಿಗೆ ಅದು ಮೊದಲ ಸಭೆ.

ಹೆಂಗಸರು ನಮಗಿಂತ ಮೊದಲೇ ಬಂದು ಖುರ್ಚಿಗಳ ಮೇಲೆ ಕೂತಿದ್ದರು. ಮುಂದಿನ ಸಾಲಿನಲ್ಲಿ ಆ ಓಣಿಯಿಂದ ಆರಿಸಿ ಬಂದ ಪಂಚಾಯಿತಿ ಸದಸ್ಯೆ. ಹುಡುಗಿ ಬಾಗಿಲಲ್ಲೇ ನಿಂತು ಅವರನ್ನು ನೋಡಿದಳು, ಆಮೇಲೆ ನನ್ನನ್ನು. ನಾನು ಜಮಖಾನೆಯನ್ನು ಅವಳ ಕೈಗೆ ಕೊಟ್ಟೆ.

"ಅಕ್ಕಾ, ಎಲ್ಲಾರೂ ಸ್ವಲ್ಪ ಏಳ್ರಿ. ಖುರ್ಚಿ ಆ ಕಡಿ ಇಡ್ತೇವ್ರಿ. ಎಲ್ಲಾರೂ ಸಮ ಆಗಿ ಕೆಳಗ ಕೂಡೋಣ್ರಿ."

ಸದಸ್ಯೆ ಏಳಲಿಲ್ಲ. "ಯಾರ್ಯಾರು ಸಮ?"

"ನೀವು, ನಾವು, ಎಲ್ಲಾರೂ ರೀ."

"ಹಂಗಾರ ನೀವೇ ಮ್ಯಾಲ ಕೂಡ್ರಿ. ಖುರ್ಚಿ ಭಾಳ ಅವ."

ಹಿಂದೆ ಯಾರೋ ನಕ್ಕರು. ಅಷ್ಟರಲ್ಲಿ ನಮ್ಮ ಹುಡುಗರು ಕಲಿತ ಪ್ರಕಾರ ಕೆಲಸಕ್ಕೆ ಇಳಿದಿದ್ದರು. ಅವರಲ್ಲೊಬ್ಬ ಮುದುಕಿಯೊಬ್ಬಳ ಖುರ್ಚಿಯ ಬೆನ್ನು ಹಿಡಿದು ಕಾಯುತ್ತ ನಿಂತ. ಮುದುಕಿ ಎದ್ದು ನಿಂತಳು. ಅದನ್ನು ನೋಡಿ ಸದಸ್ಯೆಯೂ ಎದ್ದರು.

"ಈ ಖುರ್ಚಿ ಮ್ಯಾಲ ಕೂಡ್ಲಾಕ ನಾವು ಎಷ್ಟು ಸಭಾ ಹೊರಗ ನಿಂತೇವಿ ನಿಮಗ ಗೊತ್ತಿಲ್ಲ. ನಡೀರಿ, ಮನಿಗಿ ಹೋಗೋಣ."

ಎಲ್ಲರೂ ಹೊರಟುಹೋದರು. ನಾನು ಗಡಿಯಾರ ನೋಡಿದೆ. ವೇಳಾಪಟ್ಟಿಯ ಪ್ರಕಾರ ಅದು ಪರಿಚಯದ ಹೊತ್ತು. ಏನಾದರೂ ಅನಿಸಬೇಕಿತ್ತು, ಅನಿಸಲಿಲ್ಲ. ಮಳೆಗಾಲದಿಂದ ಹೀಗೆಯೇ. ಖುರ್ಚಿಗಳನ್ನು ಮತ್ತೆ ಸಾಲಾಗಿ ಇಡಲು ಹುಡುಗರಿಗೆ ಹೇಳಿದೆ.

"ಸರ್, ಬಾಗಿಲದಾಗೇ ನನಗ ಇದು ಬ್ಯಾಡ ಅನಿಸಿತ್ರಿ," ಎಂದಳು ಹುಡುಗಿ. "ನಮ್ಮವ್ವ ಇದ್ದಿದ್ರೂ ಏಳ್ತಿದ್ದಿಲ್ಲ. ಆದ್ರ ಪದ್ಧತಿ ಅದ ಅಲ್ರಿ."

"ಹೌದು, ಪದ್ಧತಿ ಅದ."

"ನಾ ಓಣಿಗಿ ಹೋಗ್ತೇನ್ರಿ."

ವೇಳಾಪಟ್ಟಿಯಲ್ಲಿ ಅದು ಇರಲಿಲ್ಲ. ಆದರೂ ಅವಳ ಹಿಂದೆ ನಡೆದೆ.

ಸದಸ್ಯೆಯ ಅಂಗಳದಲ್ಲಿ ತೊಗರಿ ಒಣಹಾಕಿದ್ದರು. ಅವರು ಒಳಗಿನಿಂದ ಎರಡು ಖುರ್ಚಿ ತಂದಿಟ್ಟರು. ಹುಡುಗಿ ಕಟ್ಟೆಯ ಅಂಚಿನಲ್ಲಿ ಕೂಡಲು ಹೋದಳು.

"ಅಲ್ಲಿ ಬ್ಯಾಡ ತಂಗಿ, ಖುರ್ಚಿ ಮ್ಯಾಲ ಕೂಡು." ಆಮೇಲೆ ನನ್ನ ಕಡೆ ತಿರುಗಿ, "ಸರ್ ಅವ್ರಿಗಿ ನೆಲಾ ಭಾಳ ಸೇರ್ತದ ಕಾಣ್ತದ. ಚೀಲಾ ಹಾಸ್ಲೇನ್ರಿ?"

ನಾನು ಖುರ್ಚಿಯಲ್ಲಿ ಕೂತೆ.

"ತಪ್ಪಾತ್ರಿ ಅಕ್ಕಾ. ಕೇಳದೇ ಏಳಿಸ್ದೆ," ಎಂದಳು ಹುಡುಗಿ.

"ನೀ ಯಾವೂರಾಕಿ?"

"ಭಾಲ್ಕಿರಿ."

"ಯಾವ ಓಣಿ?"

ಹುಡುಗಿ ಓಣಿಯ ಹೆಸರು ಹೇಳಿದಳು. ಅದೂ ಅಂಥದೇ ಓಣಿ. ಸದಸ್ಯೆ ಅವಳ ಕಡೆ ಪೂರ್ತಿ ತಿರುಗಿದರು. "ಮತ್ತ ನಿನಗ ಗೊತ್ತಿರಬೇಕಿತ್ತು."

"ಗೊತ್ತಿತ್ರಿ."

ಚಹಾ ಬಂತು. "ಅಕ್ಕೋರು ಬಂದಿಲ್ಲೇನ್ರಿ?" ಎಂದು ಸದಸ್ಯೆ ನನ್ನನ್ನು ಕೇಳಿದರು.

"ತೀರಿಕೊಂಡ್ರು. ಮಳಿಗಾಲದಾಗ."

ಅವರು ಕಪ್ಪನ್ನು ಕೆಳಗಿಟ್ಟರು. "ಮೊದಲ ಸಲ ಅವ್ರು ಬಂದಾಗ ಊರ ದೊಡ್ಡೋರು ಮ್ಯಾಲ ಇದ್ರು, ನಾವು ಬಾಗಿಲ ಹೊರಗ. ಅಕ್ಕೋರು ಅವ್ರನ್ನ ಎಲ್ಲಾ ನೆಲಕ ಇಳಿಸಿದ್ರು. ಛಲೋ ಆಗಿತ್ತು. ಅದು ಅವಾಗಿನ ಮಾತ್ರಿ. ಈಗ ನಾವೂ ಮ್ಯಾಲ ಅದೀವಿ."

ನಾನು ತಲೆಯಾಡಿಸಿದೆ. ಚಹಾ ಸಿಹಿಯಾಗಿತ್ತು.

"ಮಧ್ಯಾಹ್ನ ಸಭಾಕ ಬರ್ತೀರಿಲ್ರಿ ಅಕ್ಕಾ?" ಎಂದು ಹುಡುಗಿ ಕೇಳಿದಳು.

"ನಿಮ್ಮ ಮ್ಯಾಲಿನ ಸಿಟ್ಟಿಗಿ ನಮ್ಮ ಮಕ್ಕಳ ಅಂಗನವಾಡಿ ಬಿಡ್ತೀವೇನು? ಬರ್ತೀವಿ. ಆದ್ರ ನಿಮ್ಮ ಪೈಕಿ ಯಾರೂ ಬಾಯಿ ಹಾಕಬ್ಯಾಡ್ರಿ."

ಬಂದರು. ಮುಂದಿನ ಎರಡು ಸಾಲು ಅವರದೇ. ಸಭಾಂಗಣ ತುಂಬಿದ್ದರಿಂದ ನಾವು ಗೋಡೆಗೆ ಒರಗಿ ನಿಂತೆವು. ಸದಸ್ಯೆ ವಿಷಯ ಹೇಳಿದರು. ಬೆಳಿಗ್ಗೆ ನಾವು ಏಳಿಸಿದ ಮುದುಕಿ ಕೂತಲ್ಲಿಂದಲೇ, "ಲಾರಿ ಬಂತಂದ್ರ ನಾ ಮಮ್ಮಗನ್ನ ಎತ್ಕೊಂಡು ಓಡ್ತೇನ್ರಿ. ನನ್ನ ಮೊಣಕಾಲು ಇನ್ನೆಷ್ಟು ದಿನ ಓಡ್ತಾವ, ನೀವೇ ಹೇಳ್ರಿ," ಎಂದಳು. ಸಭೆ ನಕ್ಕಿತು. ಒಪ್ಪಿಗೆ ಇದ್ದವರು ಕೈ ಎತ್ತಿ ಎಂದು ಪಂಚಾಯಿತಿ ಕಾರ್ಯದರ್ಶಿ ಹೇಳಿದಾಗ ನನ್ನ ಪಕ್ಕದಲ್ಲಿ ಹುಡುಗಿಯ ಬಲಗೈ ಮೇಲಕ್ಕೆ ಹೋಯಿತು. ಎಡಗೈಯಿಂದ ಅದನ್ನು ಹಿಡಿದು ಇಳಿಸಿಕೊಂಡಳು. ಕೈಗಳು ಸಾಕಷ್ಟಿದ್ದವು. ಅಂಗನವಾಡಿ ಓಣಿಯಲ್ಲಿ ಎಂದು ಕಾರ್ಯದರ್ಶಿ ಬರೆದುಕೊಂಡರು.

ಸಂಜೆ ಭಾಲ್ಕಿಯಲ್ಲಿ ಇಳಿಯುವಾಗ ಹುಡುಗಿ ಕೇಳಿದಳು. "ಸರ್, ಮುಂದಿನ ಸಭಾಕ ಜಮಖಾನಿ ತರೋದದೇನ್ರಿ?"

"ಕೇಳಿ ಹೇಳ್ತೇನಿ," ಎಂದೆ.

ಅವಳು "ಆಯ್ತ್ರಿ," ಎಂದು ಹೋದಳು. ಬೀದರ್ ತಲುಪಿ ಗಾಂಧಿ ಗಂಜಿನಲ್ಲಿ ಲಾರಿಗಳ ಹಿಂದೆ ಜೀಪು ನಿಂತಾಗ, ಯಾರನ್ನು ಕೇಳಿ ಹೇಳುವವನಿದ್ದೆ ಎಂಬುದು ಹೊಳೆಯಿತು. ಹಮಾಲರು ಚೀಲ ಇಳಿಸುತ್ತಿದ್ದರು. ದಾರಿ ಬಿಡುವ ತನಕ ಅದನ್ನೇ ನೋಡುತ್ತ ಕೂತೆ.

ಮನೆಯಲ್ಲಿ ಅಂಗಳಕ್ಕೆ ಹೋಗಿ ಜಮಖಾನೆ ಕೊಡವಿದೆ. ಹಾಸಿರಲಿಲ್ಲವಾದ್ದರಿಂದ ಧೂಳು ಇರಲಿಲ್ಲ. ಅವಳು ಮಡಿಸುತ್ತಿದ್ದಂತೆ ಮಡಿಸಿದೆ. ಬಾಗಿಲ ಪಕ್ಕ ಇಡಲಿಲ್ಲ. ಅಲಮಾರಿಯಲ್ಲಿ ಅವಳ ಸೀರೆಗಳ ಕೆಳಗಿನ ಖಾನೆಯಲ್ಲಿಟ್ಟು ಬಾಗಿಲು ಹಾಕಿದೆ.