ಮೇಸ್ಟ್ರು ರುಜು ಹಾಕದ ಕಾರ್ಡು

ಲ್ಯಾಡಿ ಕೊವಾಲಿಕ್ ಅವರಿಗೆ ಮೈಕು ಬೇಕಾಗಿರಲಿಲ್ಲ. ಕಲ್ಲುಕ್ವಾರಿಯ ಹಿಂದಿರುವ ನಮ್ಮ ಕೋವಿ ಕ್ಲಬ್ಬಿನ ಗುರಿ ಅಭ್ಯಾಸದ ರೇಂಜಿನಲ್ಲಿ ನಿಂತು ಅವರು "ಗುಂಡು ನಿಲ್ಸಿ!" ಎಂದು ಕೂಗಿದರೆ ಆಚೆ ಗುಡ್ಡದ ಹಸುಗಳೂ ಮೇವು ಬಿಟ್ಟು ತಲೆಯೆತ್ತುತ್ತಿದ್ದವು.

ಆ ಕೂಗು ಕೇಳಿದ ಕೂಡಲೇ ಮಾಡಬೇಕಾದದ್ದು ಇಷ್ಟು: ಕೋವಿಯ ಕುದುರೆಯಿಂದ, ಅಂದರೆ ಟ್ರಿಗರಿನಿಂದ, ಬೆರಳು ತೆಗೆಯಬೇಕು, ಕೋವಿಯನ್ನು ಬೆಂಚಿನ ಮೇಲೆ ಮಲಗಿಸಬೇಕು, ಹಳದಿ ಗೆರೆಯ ಹಿಂದಕ್ಕೆ ಒಂದು ಹೆಜ್ಜೆ ಇಡಬೇಕು. ಯಾಕೆ ಎಂದು ಆಮೇಲೆ ಕೇಳಬಹುದು. ಕೂಗುವ ಹಕ್ಕು ಎಲ್ಲರಿಗೂ ಉಂಟು. ಅಪಾಯ ಕಂಡವರು ಯಾರೇ ಆಗಲಿ, ಅದೇ ದಿನ ಮೊದಲ ಸಲ ರೇಂಜಿಗೆ ಬಂದ ಅಜ್ಜಿಯೇ ಆಗಲಿ, ಕೂಗಿದರೆ ಕ್ಲಬ್ಬಿನ ಅಧ್ಯಕ್ಷನೂ ಹಿಂದೆ ಸರಿಯಬೇಕು. ಪೆನ್ಸಿಲ್ವೇನಿಯಾದ ಈ ಮೂಲೆಯಲ್ಲಿ ನಾವು ಪಾದ್ರಿಯ ಮಾತು ಮರೆತೇವು, ಇದನ್ನು ಮರೆಯುವುದಿಲ್ಲ.

ಲ್ಯಾಡಿ ಗಾಜಿನ ಕಾರ್ಖಾನೆಯಲ್ಲಿ ಅಚ್ಚು ತಿದ್ದುವ ಕೆಲಸದಲ್ಲಿದ್ದವರು. ಕಾರ್ಖಾನೆ ಮುಚ್ಚಿತು, ಕೋವಿಯನ್ನು ಅಪಾಯವಿಲ್ಲದೆ ಹಿಡಿಯಲು ಕಲಿಸುವ ಅವರ ಭಾನುವಾರದ ಪಾಠ ಮುಚ್ಚಲಿಲ್ಲ. ಮೂವತ್ತೆಂಟು ವರ್ಷಗಳಲ್ಲಿ ಊರಿನ ಮುಕ್ಕಾಲು ಪಾಲು ಜನ ಅವರ ಮುಂದೆ ನಾಲ್ಕು ಗಂಟೆ ಕೂತು, ಪರೀಕ್ಷೆ ಕೊಟ್ಟು, ಅವರ ರುಜು ಇರುವ ನೀಲಿ ಕಾರ್ಡು ಪಡೆದಿದ್ದರು. ಎಲ್ಲರಿಗೂ ಅವರು ಮೇಸ್ಟ್ರು. ಸುಮ್ಮನೆ ರುಜು ಬೀಳುತ್ತಿರಲಿಲ್ಲ. ಪೊಲೀಸ್ ಮುಖ್ಯಸ್ಥನನ್ನು ಫೇಲು ಮಾಡಿದ್ದರು. ಹೆಂಡತಿ ಬರ್ನಿಸ್‌ಳನ್ನು ಎರಡು ಸಲ ಫೇಲು ಮಾಡಿದ್ದರು, ಎರಡೂ ಸಲ ಮದುವೆಯಾದ ಮೇಲೆ. ನನ್ನನ್ನೂ ಒಂದು ಸಲ ಮಾಡಿದ್ದರು. ನಾನು ಕೋವಿ ತಿರುಗಿಸುವಾಗ ಮೂತಿ ಅವರ ಕಡೆ ಹೋಯಿತು. "ಖಾಲಿ ಇದೆ ಮೇಸ್ಟ್ರೇ" ಅಂದೆ. ಅವರು ಪೆನ್ನಿಗೆ ಮುಚ್ಚಳ ಹಾಕಿದರು.

"ರೋಬಿ, ಸ್ಮಶಾನದಲ್ಲಿ ಎಷ್ಟೋ ಜನ ಮಲಗಿದಾರೆ. ಅವರು ಕೊನೇ ಸಲ ಕೇಳಿದ್ದು ಇದೇ ಮಾತು. ಮುಂದಿನ ತಿಂಗಳು ಬಾಮ್ಮ."

ನಾನು ಸ್ಕೂಲ್ ಬಸ್ಸು ಓಡಿಸುವವಳು. ಮುಂದಿನ ತಿಂಗಳು ಪಾಸಾದೆ, ಆಮೇಲೆ ಅವರ ಕೈಕೆಳಗೆ ಪಾಠ ಹೇಳುವ ಪರವಾನಗಿಯನ್ನೂ ಪಡೆದೆ. ಕ್ಲಬ್ಬಿನ ಕಾರ್ಯದರ್ಶಿಯ ಕೆಲಸ ಯಾರೂ ಒಪ್ಪದ್ದರಿಂದ ಅದೂ ನನ್ನ ಪಾಲಿಗೆ ಬಂತು. ಹಾಗಾಗಿ ವಸಂತದ ಆರಂಭದಲ್ಲಿ ಕೌಂಟಿಯ ಆಡಳಿತದಿಂದ ಬಂದ ಕಾಗದವನ್ನು ಮೊದಲು ಓದಿದವಳು ನಾನೇ. ಗುರಿಹಲಗೆಗಳ ಹಿಂದಿನ ಮಣ್ಣಿನ ದಿಬ್ಬ ಮಳೆಗೆ ಕುಸಿದಿದೆ, ಗುಂಡು ಅದನ್ನು ದಾಟಿ ರಸ್ತೆಗೆ ಹೋಗಬಹುದು, ಅಕ್ಟೋಬರ್ ಕೊನೆಯೊಳಗೆ ಎಂಟು ಅಡಿ ಎತ್ತರಿಸದಿದ್ದರೆ ರೇಂಜಿಗೆ ಶಾಶ್ವತ ಬೀಗ ಎಂದು ಅದರಲ್ಲಿತ್ತು. ಕೌಂಟಿಯವರು ಹೇಳಿದ್ದು ಸರಿಯಿತ್ತು. ಲ್ಯಾಡಿ ಆ ವಾರವೇ ತಾವೇ ಗೇಟಿಗೆ ಸರಪಳಿ ಹಾಕಿದರು. ಆಮೇಲಿನ ಭಾನುವಾರಗಳಲ್ಲೂ ಬೆಳಿಗ್ಗೆ ಮಡಚುವ ಕುರ್ಚಿ ಹಿಡಿದು ಹೋಗಿ ಗೇಟಿನ ಹೊರಗೆ ಕೂತು ಬರುತ್ತಿದ್ದರು. ಬರ್ನಿಸ್ ನನ್ನ ಬಸ್ಸಿನ ಕಿಟಕಿಯ ಬಳಿ ಬಂದು, "ಆ ಬೀಗ ರೇಂಜಿಗೆ ಬಿದ್ದಿದ್ದಲ್ಲ ಕಣೇ, ಈ ಮನುಷ್ಯನ ಉಸಿರಿಗೆ ಬಿದ್ದಿದ್ದು" ಎಂದಳು.

ಬಂದೂಕುದಾರರ ಮಹಾಸಂಘಕ್ಕೆ ಸಹಾಯ ಕೋರಿ ಬರೆದೆ. ಲ್ಯಾಡಿ ಅದರ ಆಜೀವ ಸದಸ್ಯರು. ಮಹಾಸಂಘದ ನಾಯಕ ಹಾರ್ಲನ್ ಪ್ರೆಂಟಿಸ್ ಇಪ್ಪತ್ತಾರು ವರ್ಷಗಳಿಂದ ತಿಂಗಳಿಗೊಂದು ಪತ್ರ ಕಳಿಸುತ್ತಿದ್ದರು: ನಾಳೆ ಬೆಳಿಗ್ಗೆ ನಿಮ್ಮ ಕೋವಿ ಕಿತ್ತುಕೊಳ್ಳಲು ಬರುತ್ತಾರೆ, ಇಂದೇ ದೇಣಿಗೆ ಕಳಿಸಿ. ಆ ನಾಳೆ ಇನ್ನೂ ಬಂದಿರಲಿಲ್ಲ. ಲ್ಯಾಡಿ ಪ್ರತಿ ಸಲ ಕಳಿಸುತ್ತಿದ್ದರು. ಆ ಪತ್ರ ಬಂದ ಲಕೋಟೆಗಳ ಬೆನ್ನಿಗೆ ಬರ್ನಿಸ್ ಆಲೂಗಡ್ಡೆ, ಎಲೆಕೋಸು, ಸೋಪು ಎಂದು ಪಟ್ಟಿ ಬರೆಯುತ್ತಿದ್ದಳು.

ನನ್ನ ಕಾಗದಕ್ಕೆ ಉತ್ತರ ಬಂತು. "ಪ್ರಿಯ ದೇಶಭಕ್ತರೇ, ನಿಮ್ಮ ಮಾತು ನಮ್ಮ ಹೃದಯ ಮುಟ್ಟಿದೆ." ಜೊತೆಗೊಂದು ಟೋಪಿ, ದೇಣಿಗೆಗೊಂದು ಲಕೋಟೆ. ಮಣ್ಣಿನ ಮಾತಿಲ್ಲ.

ಅದೇ ವಸಂತದಲ್ಲಿ ಪತ್ರಿಕೆಗಳಲ್ಲಿ ಸುದ್ದಿ ಹೊರಬಿತ್ತು. ಪ್ರೆಂಟಿಸರ ಎರಡು ಬೇಟೆನಾಯಿಗಳ ಕೀಲುನೋವಿಗೆಂದು ಮಹಾಸಂಘದ ಖರ್ಚಿನಲ್ಲಿ ಬಿಸಿನೀರಿನ ಕೊಳ ಕಟ್ಟಲಾಗಿತ್ತು. ಅವರು ಯಾವ ಊರಿನಲ್ಲಿದ್ದರೂ ಅವರ ಕ್ಷೌರಿಕ ಬಾಡಿಗೆ ವಿಮಾನದಲ್ಲಿ ಬಂದಿಳಿಯುತ್ತಿದ್ದ. ಅವರ ನಾದಿನಿಗೆ ಸಲಹೆಗಾರ್ತಿಯ ಹುದ್ದೆಯಿತ್ತು; ಏನು ಸಲಹೆ ಎಂಬುದು ಆಕೆಗೂ ನೆನಪಿರಲಿಲ್ಲ. ಲೆಕ್ಕದ ಪುಸ್ತಕದಲ್ಲಿ ಎಲ್ಲದರ ಮುಂದೂ ಬರೆದಿದ್ದ ಕಾರಣ ಒಂದೇ: ನಾಯಕರ ಭದ್ರತೆ.

ಶುಕ್ರವಾರ ಅಗ್ನಿಶಾಮಕ ಠಾಣೆಯ ಹಾಲ್‌ನಲ್ಲಿ ಊರವರ ಮೀನೂಟಕ್ಕೆ ಕೂತಾಗ ಅದೇ ಮಾತು.

"ಎಲ್ಲಾ ಪತ್ರಿಕೆಯವರ ಪಿತೂರಿ" ಎಂದ ಹಾರ್ಡ್‌ವೇರ್ ಅಂಗಡಿಯ ಚೆಸ್ಟರ್. "ನಾಯಿಗೆ ಮಂಡಿ ನೋವು ಬಂದ್ರೆ ಕಳ್ಳನ್ನ ಅಟ್ಟಿಸಿಕೊಂಡು ಹೋಗೋದು ಹೇಗೆ? ಭದ್ರತೆನೇ ಅಲ್ವಾ ಅದು?"

"ಹಾಗಾದ್ರೆ ನಿಮ್ಮ ನೋಯೋ ಮಂಡಿನೂ ಭದ್ರತೆ ಅಂತ ಬರೆಸ್ರೀ" ಎಂದಳು ಬರ್ನಿಸ್ ಗಂಡನ ಕಡೆ ತಿರುಗಿ. "ನಾಯಿಗಳ ಜೊತೆ ಸರದಿಯಲ್ಲಾದ್ರೂ ಬಿಸಿನೀರು ಸಿಗತ್ತೆ."

ಲ್ಯಾಡಿ ನಗಲಿಲ್ಲ. ಮೀನಿನ ಮುಳ್ಳನ್ನು ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸಿದರು. "ದೊಡ್ಡವರಿಗೆ ನೂರು ಕೆಲಸ. ನಮ್ಮ ದಿಬ್ಬದ ವಿಷ್ಯ ಅವರ ಕಿವಿಗೇ ಬಿದ್ದಿಲ್ಲ. ಎದುರಿಗೆ ನಿಂತು ಹೇಳಿದ್ರೆ ಕೇಳ್ತಾರೆ. ಅವರೂ ನಮ್ಮ ಥರ ಕೋವಿ ಹಿಡಿದೋರಲ್ವಾ?"

ಮೇ ತಿಂಗಳಲ್ಲಿ ಮಹಾಸಂಘದ ಮಹಾಸಭೆಗೆಂದು ಲ್ಯಾಡಿಯೂ ನಾನೂ ಪಕ್ಕದ ರಾಜ್ಯದ ಕೊಲಂಬಸ್ ನಗರಕ್ಕೆ ನನ್ನ ಪಿಕಪ್‌ನಲ್ಲಿ ಹೋದೆವು. ಆರು ಸಾವಿರ ಜನ ಸೇರಿದ್ದ ಸಭಾಂಗಣ. ಸದಸ್ಯರು ಮಾತಾಡಲು ಒಂದು ಮೈಕು, ತಲೆಗೆ ಎರಡು ನಿಮಿಷ. ಲ್ಯಾಡಿ ದಿಬ್ಬದ ವಿಷಯ ಬರೆದ ಚೀಟಿ ಹಿಡಿದು ಸಾಲಿನಲ್ಲಿ ಎರಡೂವರೆ ಗಂಟೆ ನಿಂತರು. ಅವರ ಮುಂದಿದ್ದ ಟೆಕ್ಸಾಸಿನ ಹೆಂಗಸು ಖರ್ಚಿನ ವಿವರ ಓದಿ ಎಂದು ಕೇಳಿದಳು. ಮಹಾಸಂಘದ ವಕೀಲನೊಬ್ಬ ಎದ್ದು, ವಿವರ ಓದಿದರೆ ನಾಯಕರ ಭದ್ರತೆಗೆ ಧಕ್ಕೆ ಎಂದ. ಚಪ್ಪಾಳೆ ಬಿತ್ತು. ಪ್ರಶ್ನೆಗಳ ಸಮಯ ಮುಗಿಯಿತು ಎಂದು ಮೈಕು ಆರಿಸಿದರು. ಲ್ಯಾಡಿಯ ಮುಂದೆ ಆಗ ಉಳಿದಿದ್ದವರು ಇಬ್ಬರೇ. ಅವರು ಚೀಟಿಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡರು. ಸಾಲು ಮಾತ್ರ ಬಿಡಲಿಲ್ಲ.

ನಂತರ ಸನ್ಮಾನ. ಚಿನ್ನದ ಕೆತ್ತನೆಯ ಕೋವಿಯೊಂದನ್ನು ಮಖಮಲ್ಲಿನ ಮೇಲೆ ತಂದರು. ಪ್ರೆಂಟಿಸ್ ಅದನ್ನೆತ್ತಿಕೊಂಡರು. ಬ್ಯಾಂಡು ಬಾರಿಸಿತು, ಜನ ಎದ್ದು ನಿಂತರು. ನಾಯಕರು ಆನಂದದಿಂದ ಕೋವಿಯನ್ನು ಭುಜಕ್ಕಿಟ್ಟು, ಬೆರಳನ್ನು ಕುದುರೆಯ ಮೇಲಿಟ್ಟು, ಎಡದಿಂದ ಬಲಕ್ಕೆ ಇಡೀ ಸಭೆಯ ಎದೆಯ ಮೇಲೆ ಮೂತಿ ಹಾಯಿಸಿದರು.

"ಗುಂಡು ನಿಲ್ಸಿ!"

ಲ್ಯಾಡಿಗೆ ತಾವು ಕೂಗಿದ್ದು ಗೊತ್ತಾಗುವ ಮೊದಲೇ ಕೂಗಾಗಿತ್ತು. ಮೈಕು ಆರಿಸಿದ್ದರಿಂದ ಏನೂ ವ್ಯತ್ಯಾಸವಾಗಲಿಲ್ಲ. ಬ್ಯಾಂಡು ನಿಂತಿತು. ಆರು ಸಾವಿರ ಜನ ಕೈಯಲ್ಲಿದ್ದದ್ದನ್ನು, ಬಾವುಟವನ್ನು, ಕಾಫಿ ಲೋಟವನ್ನು, ಸಾಸೇಜನ್ನು, ಕೆಳಗಿಟ್ಟು ಒಂದು ಹೆಜ್ಜೆ ಹಿಂದೆ ಸರಿದರು. ಒಟ್ಟಿಗೆ ಎದ್ದ ಆ ಒಂದೇ ಹೆಜ್ಜೆಯ ಸದ್ದು ಸಮುದ್ರದ ಅಲೆ ಹಿಂದೆ ಸರಿದಂತಿತ್ತು. ವೇದಿಕೆಯ ಮೇಲಿದ್ದ ನಿರ್ದೇಶಕರು ಸರಿದರು. ವಕೀಲ ಸರಿದ. ಅಂಗರಕ್ಷಕರೂ ಸರಿದರು, ಅವರೂ ಯಾವುದೋ ಊರಿನ ಮೇಸ್ಟ್ರ ಕೈಕೆಳಗೆ ಕಲಿತವರೇ.

ಒಬ್ಬರೇ ಒಬ್ಬರು ಸರಿಯಲಿಲ್ಲ. ಕೋವಿಯ ಮೂತಿಯನ್ನು ಮೊದಲ ಸಾಲಿಗೆ ಹಿಡಿದುಕೊಂಡೇ ಹಾರ್ಲನ್ ಪ್ರೆಂಟಿಸ್ ಅತ್ತಿತ್ತ ನೋಡಿದರು. "ಏನಾಯ್ತು? ಯಾರಾದ್ರೂ ತಲೆಸುತ್ತಿ ಬಿದ್ರಾ?"

"ಬೆರಳು ತೆಗೀರಿ, ಸಾರ್" ಎಂದರು ಲ್ಯಾಡಿ. ಈಗ ಅವರ ದನಿ ಭಾನುವಾರದ ಪಾಠದ ದನಿ. "ಮೂತಿ ಮೇಲಕ್ಕೆ ಮಾಡಿ. ಹಾಂ, ನಿಧಾನ. ಈಗ ಮೇಜಿನ ಮೇಲೆ ಮಲಗಿಸಿ."

ಪ್ರೆಂಟಿಸ್ ನಕ್ಕರು. "ಅಯ್ಯೋ, ಖಾಲಿ ಇದೆ ಕಣ್ರೀ!"

ಸಭಾಂಗಣದಲ್ಲಿ ನಿಟ್ಟುಸಿರೊಂದು ಎದ್ದಿತು. ನಾಯಿಗಳ ಕೊಳವನ್ನು ಇವರೆಲ್ಲ ನುಂಗಿಕೊಂಡಿದ್ದರು. ವಿಮಾನವನ್ನು, ಕ್ಷೌರಿಕನನ್ನು, ನಾದಿನಿಯನ್ನು ನುಂಗಿಕೊಂಡಿದ್ದರು. ಇದು ಗಂಟಲಲ್ಲಿ ಇಳಿಯಲಿಲ್ಲ. ನನ್ನ ಪಕ್ಕದ ಮುದುಕ ಮಹಾಸಂಘದ ಟೋಪಿ ತೆಗೆದು ಕುರ್ಚಿಯ ಮೇಲಿಟ್ಟ. "ಇಪ್ಪತ್ತಾರು ವರ್ಷ ಕಣಮ್ಮ" ಎಂದ ನನಗೆ. "ಈ ಮನುಷ್ಯ ಒಂದು ದಿನಾನೂ ರೇಂಜಿಗೆ ಹೋಗಿಲ್ಲ."

ನಾವು ಊರಿಗೆ ಮರಳಿದೆವು. ಐದನೆಯ ದಿನ ಮಹಾಸಂಘದಿಂದ ಫೋನು ಬಂತು. ಪ್ರಚಾರ ವಿಭಾಗದ ವಿಟ್ನಿ ಎಂಬಾಕೆ, ಜೇನಿನಂಥ ಗಂಟಲು. ನಾನು ಕ್ಲಬ್ಬಿನ ಫೋನಿನ ಸ್ಪೀಕರ್ ಹಾಕಿದೆ.

"ಕೊವಾಲಿಕ್ ಸಾರ್, ನಮ್ಮ ನಾಯಕರು ನಿಮ್ಮ ಹತ್ರಾನೇ ಪಾಠ ಹೇಳಿಸ್ಕೋಬೇಕು ಅಂತಿದ್ದಾರೆ. ದೊಡ್ಡವರ ದೊಡ್ಡತನ ನೋಡಿ! ನಿಮ್ಮ ರೇಂಜಲ್ಲೇ ಫೋಟೋ ತೆಗೆಯೋಣ. ಕಾರ್ಡಿನ ಸಮೇತ ನಮ್ಮ ಪತ್ರಿಕೆಯ ಮುಖಪುಟಕ್ಕೆ."

"ರೇಂಜು ಮುಚ್ಚಿದೆ ಅಮ್ಮ" ಎಂದರು ಲ್ಯಾಡಿ. "ದಿಬ್ಬ ಬಿದ್ದಿದೆ."

"ಎಷ್ಟು ದೊಡ್ಡ ದಿಬ್ಬ?"

ಒಂಬತ್ತು ದಿನ. ಹಳದಿ ಯಂತ್ರಗಳು ಬಂದವು, ಲಾರಿಗಟ್ಟಲೆ ಜೇಡಿಮಣ್ಣು ಬಂತು. ಕೌಂಟಿ ಎಂಟಡಿ ಕೇಳಿತ್ತು, ಇವರು ಹನ್ನೆರಡು ಅಡಿ ಏರಿಸಿ ಹುಲ್ಲಿನ ಬೀಜ ಎರಚಿದರು. ಫೋಟೋದಲ್ಲಿ ಹಸಿರು ಕಾಣಬೇಕಂತೆ. ಲಾರಿಯವನು ತಂದ ರಸೀದಿಗೆ ರುಜು ಹಾಕುವಾಗ ನೋಡಿದೆ: ಖರ್ಚಿನ ಬಾಬತ್ತು, ನಾಯಕರ ಭದ್ರತೆ. ಕೌಂಟಿಯ ಅಧಿಕಾರಿ ಬಂದು ದಿಬ್ಬ ಹತ್ತಿ ಇಳಿದು ಒಪ್ಪಿಗೆಯ ಮೊಹರು ಒತ್ತಿದ. ಲ್ಯಾಡಿ ಆ ಮಣ್ಣನ್ನು ಹಿಡಿಯಷ್ಟು ಎತ್ತಿ ಹಿಸುಕಿ ನೋಡಿದರು. ಬೇಸಗೆಯ ಮೊದಲ ಬಿಸಿಲಲ್ಲೂ ಅದು ಇನ್ನೂ ತಣ್ಣಗಿತ್ತು.

ಜೂನ್ ತಿಂಗಳ ಒಂದು ಬೆಳಿಗ್ಗೆ ಫುಟ್‌ಬಾಲ್ ಮೈದಾನದಲ್ಲಿ ಹೆಲಿಕಾಪ್ಟರು ಇಳಿಯಿತು. ಛಾಯಾಗ್ರಾಹಕರು, ವಿಟ್ನಿ, ಕೂದಲು ಕೆದರದಂತೆ ನೋಡಿಕೊಳ್ಳಲು ಕ್ಷೌರಿಕ. ಬರ್ನಿಸ್ ಆಲೂಗಡ್ಡೆ ತುಂಬಿದ ಪಿಯರೋಗಿ ಕಡುಬು ಬೇಯಿಸಿ ತಂದಿದ್ದಳು. ಪ್ರೆಂಟಿಸ್ ಎರಡು ತಿಂದು, ಲ್ಯಾಡಿಯ ಹೆಗಲ ಮೇಲೆ ಕೈಯಿಟ್ಟು, ದಿಬ್ಬದ ಮುಂದೆ ನಿಂತು, ಕೋವಿ ಹಿಡಿದು ಹದಿನೈದು ನಿಮಿಷ ಫೋಟೋ ತೆಗೆಸಿಕೊಂಡರು.

"ಬಹಳ ಸಂತೋಷ, ಮೇಸ್ಟ್ರೇ. ಕಾರ್ಡು ಕೊಡಿ, ಹೊರಡ್ತೀನಿ."

"ಪಾಠ ಇನ್ನೂ ಶುರುವಾಗಿಲ್ಲ, ಸಾರ್. ನಾಲ್ಕು ಗಂಟೆ. ಆಮೇಲೆ ಪರೀಕ್ಷೆ. ಕೂತ್ಕೊಳ್ಳಿ." ಲ್ಯಾಡಿ ಕಬ್ಬಿಣದ ಕುರ್ಚಿ ತೋರಿಸಿದರು.

ವಿಟ್ನಿ ಮಧ್ಯೆ ಬಂದಳು. "ಸಾರ್, ಒಂದು ರುಜು ತಾನೇ? ನೋಡಿ, ಎಂಥಾ ದಿಬ್ಬ ಕಟ್ಟಿಸ್ಕೊಟ್ಟಿದ್ದೀವಿ! ಇನ್ನೊಂದು ಮಾತು, ನಿಮ್ಮ ತರಬೇತಿ ಪರವಾನಗಿಗೆ ರುಜು ಹಾಕೋರು ನಾಯಕರೇ. ಮರೀಬೇಡಿ."

ಬರ್ನಿಸ್ ಪಾತ್ರೆಯ ಮುಚ್ಚಳ ಹಿಡಿದುಕೊಂಡೇ ನಿಂತುಬಿಟ್ಟಳು. ಲ್ಯಾಡಿ ಜೇಬಿನಿಂದ ಪೆನ್ನು ತೆಗೆದರು. ನೀಲಿ ಕಾರ್ಡು ಮೇಜಿನ ಮೇಲಿತ್ತು, ಹೆಸರೂ ಬರೆದಾಗಿತ್ತು. ಅವರು ಒಮ್ಮೆ ದಿಬ್ಬದ ಕಡೆ ನೋಡಿದರು, ಒಮ್ಮೆ ನನ್ನ ಕಡೆ.

"ರೋಬಿ, ನಿನ್ನನ್ನ ಯಾಕೆ ಫೇಲು ಮಾಡಿದೆ?"

"ಖಾಲಿ ಇದೆ ಅಂದಿದ್ದಕ್ಕೆ, ಮೇಸ್ಟ್ರೇ."

"ಬಸ್ಸು ಓಡಿಸಿ ಬದುಕೋ ಹೆಂಗಸು. ಇನ್ನೊಂದು ತಿಂಗಳು ಕಾದು ಮತ್ತೆ ಬಂದ್ಲು, ಸಾರ್" ಎಂದು ಪ್ರೆಂಟಿಸರಿಗೆ ಹೇಳಿ ಪೆನ್ನಿಗೆ ಮುಚ್ಚಳ ಹಾಕಿದರು. "ನೀವೂ ಬನ್ನಿ. ಭಾನುವಾರ ಎಂಟು ಗಂಟೆಗೆ. ಫೀಸು ಹತ್ತು ಡಾಲರು. ಪಿಯರೋಗಿ ಪುಕ್ಕಟೆ."

ಹೆಲಿಕಾಪ್ಟರು ಎದ್ದಾಗ ಬರ್ನಿಸಳ ಮೇಜುಬಟ್ಟೆ ಹಾರಿ ಬೇಲಿಗೆ ಸಿಕ್ಕಿಕೊಂಡಿತು. ಅವಳು ಬಿಡಿಸಿಕೊಳ್ಳುತ್ತಾ, "ನನ್ನನ್ನ ಎರಡು ಸಲ ಫೇಲು ಮಾಡಿದ ಸಿಟ್ಟು ಇವತ್ತು ಇಳೀತು, ಹೋಗ್ರೀ" ಎಂದಳು.

ಹದಿನೈದು ದಿನಕ್ಕೆ ಎರಡು ಕಾಗದ ಬಂದವು. ಒಂದರಲ್ಲಿ ಲ್ಯಾಡಿ ಕೊವಾಲಿಕ್‌ರ ತರಬೇತಿ ಪರವಾನಗಿ ರದ್ದು. ಇನ್ನೊಂದರಲ್ಲಿ, ನಾಯಕರ ಭದ್ರತೆಗಾಗಿ ನೀಡಲಾದ ಮಣ್ಣನ್ನು ಆ ಉದ್ದೇಶಕ್ಕೆ ಬಳಸದಿರುವುದರಿಂದ ಹಿಂತಿರುಗಿಸತಕ್ಕದ್ದು. "ಬಂದು ತುಂಬ್ಕೊಂಡು ಹೋಗಿ. ಸನಿಕೆ ನಮ್ಮದೇ ಕೊಡ್ತೀವಿ" ಎಂದು ಉತ್ತರ ಬರೆಯಲು ಚೆಸ್ಟರ್ ಹೇಳಿದ. ನಾನು ಹಾಗೆಯೇ ಬರೆದೆ. ಪ್ರೆಂಟಿಸ್ ಆ ವರ್ಷವೂ ಆಯ್ಕೆಯಾದರು, ಮೊದಲಿಗಿಂತ ಕಡಿಮೆ ಮತಗಳಿಂದ. ತಿಂಗಳ ಪತ್ರ ಈಗಲೂ ಬರುತ್ತದೆ, ನಾಳೆ ಬೆಳಿಗ್ಗೆ ಎಂದು.

ರದ್ದಾದದ್ದು ಲ್ಯಾಡಿಯ ಪರವಾನಗಿ, ನನ್ನದಲ್ಲ; ಹಾಗಾಗಿ ಈಗ ಭಾನುವಾರದ ಪಾಠ ನಾನೇ ಹೇಳುತ್ತೇನೆ. ಕಾರ್ಡಿಗೆ ನನ್ನ ರುಜು. ಲ್ಯಾಡಿ ಹಿಂದೆ ಮಡಚುವ ಕುರ್ಚಿ ಹಾಕಿಕೊಂಡು ಸಾಮಾನ್ಯ ಸದಸ್ಯರಂತೆ ಕೂರುತ್ತಾರೆ. ನಾನು ಯಾರನ್ನಾದರೂ ಫೇಲು ಮಾಡಿದರೆ ಅವರು ಬೇರೆ ಕಡೆ ನೋಡುತ್ತಾರೆ, ಕಿವಿ ಮಾತ್ರ ಕೆಂಪಾಗುತ್ತದೆ, ಸಂತೋಷಕ್ಕೆ.

ಸೆಪ್ಟೆಂಬರಿನ ಒಂದು ಭಾನುವಾರ ಹನ್ನೆರಡು ಜನ ಸಾಲಾಗಿ ಗುರಿ ಹಿಡಿದಿದ್ದರು. ನಾನು ಆಗಷ್ಟೇ ಅಪ್ಪಣೆ ಕೊಟ್ಟಿದ್ದೆ. ಹಿಂದಿನಿಂದ ಕೂಗು ಬಂತು.

"ಗುಂಡು ನಿಲ್ಸಿ!"

ಹನ್ನೆರಡು ಕೋವಿಗಳು ಬೆಂಚಿನ ಮೇಲೆ ಮಲಗಿದವು. ಹನ್ನೆರಡು ಜನ ಹಳದಿ ಗೆರೆಯ ಹಿಂದೆ ಸರಿದರು, ನಾನೂ ಸರಿದೆ. ಆಮೇಲೆ ನೋಡಿದರೆ, ದಿಬ್ಬದ ಎಡ ಮೂಲೆಯಲ್ಲಿ ಹೆಣ್ಣುಜಿಂಕೆಯೊಂದು ಎಳೆಯ ಹುಲ್ಲಿಗೆ ಬಾಯಿ ಹಾಕುತ್ತಿತ್ತು. ಕೂಗಿಗೆ ತಲೆಯೆತ್ತಿ, ನಮ್ಮನ್ನು ಎಣಿಸುವಂತೆ ನೋಡಿ, ಮತ್ತೆ ತಗ್ಗಿಸಿತು.

"ಎಷ್ಟು ಹೊತ್ತು ಮೇಯತ್ತೆ ಮೇಸ್ಟ್ರೇ ಅದು?" ಎಂದ ಚೆಸ್ಟರ್ ಪಿಸುದನಿಯಲ್ಲಿ.

"ಹೊಟ್ಟೆ ತುಂಬೋವರೆಗೂ" ಎಂದರು ಲ್ಯಾಡಿ, ನೋಯುವ ಕಾಲನ್ನು ಚಾಚಿಕೊಂಡು. "ಬರ್ನಿಸ್, ಕಾಫಿ ಬಗ್ಸಮ್ಮ."