ಮುರಕಲ್ಲಿನ ಮೇಲೆ ನಿಂತ ಕಾರು

ಮಗಳು ತಂದುಕೊಟ್ಟ ಕಾಯಿ ತುರಿಯುವ ಯಂತ್ರ ಕೆಟ್ಟು ಕೂತಿತೆಂದು ಮೊನ್ನೆ ಅಟ್ಟದಿಂದ ಹಳೆಯ ತುರಿಮಣೆ ಇಳಿಸಿದೆ. ಹಲ್ಲಿಗೆ ತುಕ್ಕು, ಮರಕ್ಕೆ ಬೂಷ್ಟು. ಚಿಂದಿಗೆ ಚಿಮಿಣಿ ಎಣ್ಣೆ ಹಾಕಿ ಉಜ್ಜಿದೆ. ಆ ಮೂರೂ ವಾಸನೆ ಒಟ್ಟಿಗೆ ಮೂಗಿಗೆ ಬಡಿದದ್ದೇ, ಚಿಂದಿ ಕೆಳಗಿಟ್ಟುಬಿಟ್ಟೆ. ನಾನು ಸುಮ್ಮಸುಮ್ಮನೆ ಹೆದರುವವಳಲ್ಲ. ಈ ವಾಸನೆಗೆ ಮಾತ್ರ ಹೆದರುತ್ತೇನೆ. ಇದು ಆಚೆಮನೆ ಡ್ರೈವರಣ್ಣನ ಕಾರಿನ ವಾಸನೆ...

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಕುಕ್ಕುಂದೂರಿನಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದು ಬೇಲಿ, ಅಷ್ಟೇ. ಬಸ್ಸು ಓಡಿಸುವ ಕೆಲಸ ಬಿಟ್ಟು ಮನೆಯಲ್ಲಿ ಕೂತ ಮನುಷ್ಯನಿಗೆ ಕೂರಲು ಬರುತ್ತಿರಲಿಲ್ಲ. ಅಜೆಕಾರಿನಲ್ಲಿ ಅವರ ಹಳೆಯ ಧಣಿಗಳು ಗುಜರಿಗೆ ಹಾಕಲು ಹೊರಟಿದ್ದ ಒಂದು ಅಂಬಾಸಿಡರ್ ಕಾರನ್ನು ಲಾರಿಗೆ ಕಟ್ಟಿ ಎಳೆಸಿಕೊಂಡು ಬಂದರು. ಎಷ್ಟೋ ಮಳೆಗಾಲ ಸೋಗೆಯ ಮಾಡಿನ ಅಡಿಯಲ್ಲಿ ಬಿದ್ದಿದ್ದ ಕಾರು. ತಳದ ತಗಡು ಹಪ್ಪಳದ ಹಾಗೆ ಮುರಿಯುತ್ತಿತ್ತು. ಸೀಟಿನ ನಾರಿನೊಳಗೆ ಇಲಿ ಸಂಸಾರ ಹೂಡಿತ್ತು. ರೆಕ್ಸಿನಿನ ಮೇಲೆ ದೋಸೆ ಹಿಟ್ಟು ಚೆಲ್ಲಿದಂತೆ ಬಿಳೀ ಬೂಷ್ಟು.

ಅವರ ಹೆಂಡತಿ ಗೇರುಬೀಜದ ಕಾರ್ಖಾನೆಗೆ ಹೋಗುತ್ತಿದ್ದವರು. ಕಾರಿಗೆ ಒಂದು ಸುತ್ತು ಬಂದು, "ಒಳ್ಳೆದಾಯ್ತು, ಇದರಲ್ಲಿ ಕೋಳಿ ಸಾಕುವಾ" ಎಂದರು.

"ನೀನು ನೋಡ್ತಾ ಇರು. ಇದರ ಮುಂದಿನ ಸೀಟಿನಲ್ಲೇ ನಿನ್ನನ್ನು ಕೂರಿಸಿ ಕಾಪುವಿನ ಕಡಲಿಗೆ ಕರ್ಕೊಂಡು ಹೋಗ್ತೇನೆ."

ಊರಿನವರನ್ನೆಲ್ಲ ಹೊತ್ತು ತಿರುಗಿದ ಮನುಷ್ಯ, ಸ್ವಂತ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲಿಗೂ ಹೋದದ್ದಿಲ್ಲ. ಆ ಆಸೆ ನನಗೆ ಅರ್ಥವಾಗುತ್ತಿತ್ತು. ಅರ್ಥವಾಗದ್ದು ಬೇರೆ. ಚಕ್ರ ನಾಲ್ಕನ್ನೂ ಬಿಚ್ಚಿ, ಕಾರನ್ನು ಗೋಡೆ ಕಟ್ಟುವ ಕೆಂಪು ಮುರಕಲ್ಲಿನ ಮೇಲೆ ಏರಿಸಿ, ಅದರ ಅಡಿಯಲ್ಲಿ ಅಂಗಾತ ಮಲಗಿ ತುಕ್ಕು ಕೆರೆಯುತ್ತಿದ್ದರು.

ನನ್ನ ಗಂಡ ಮುರಕಲ್ಲಿನ ಕೋರೆಯಲ್ಲಿ ಕಲ್ಲು ಕಡಿಯುತ್ತಿದ್ದವರು. ಮಳೆಗೆ ನೆನೆದ ಬದಿ ಜರಿದು ಅಲ್ಲೇ ಹೋದರು. ಒಣಗಿದ ಮುರಕಲ್ಲು ಮನೆಯನ್ನು ಹೊರುತ್ತದೆ. ನೀರು ಕುಡಿದ ಮುರಕಲ್ಲನ್ನು ನಾನು ನಂಬುವುದಿಲ್ಲ.

"ಅಣ್ಣ, ಆ ಕಲ್ಲು ತೆಗೀರಿ. ಮರದ ಕೊರಡು ಇಡಿ," ಎಂದೆ.

"ಎಂತ ಅಕ್ಕ ನೀವು? ನಿಮ್ಮ ಮನೆ ಇಡೀ ನಿಂತದ್ದು ಇದೇ ಕಲ್ಲಿನ ಮೇಲೆ ಅಲ್ವಾ?"

"ನನ್ನ ಮನೆಗೆ ನಾನು ಅಡಿಯಿಂದ ಸುತ್ತಿಗೆಯಲ್ಲಿ ಬಡಿಯುವುದಿಲ್ಲ."

ನಗುತ್ತಾ ಕಾರಿನ ಅಡಿಗೆ ನುಸುಳಿಬಿಟ್ಟರು. ಹೊರಗೆ ಉಳಿದದ್ದು ಎರಡು ಪಾದ.

ಅವರ ಹೆಂಡತಿಗೂ ಭಯ ಇತ್ತು. ಬೆಳಗ್ಗೆ ಕಾರ್ಖಾನೆಗೆ ಹೊರಡುವಾಗ ಬೇಲಿಯ ಹತ್ತಿರ ನಿಂತು, "ಒಂದು ಕಿವಿ ಈಚೆ ಇಟ್ಟಿರು ಮಾರಾಯ್ತಿ" ಎಂದು ಹೇಳಿಯೇ ಹೋಗುತ್ತಿದ್ದರು. ನಾನು ಜಗಲಿಯಲ್ಲಿ ಬೀಡಿ ಕಟ್ಟುತ್ತಾ ಕಿವಿ ಇಡುತ್ತಿದ್ದೆ. ಟಣ್, ಟಣ್ ಎಂದು ಸದ್ದು ಬರುವವರೆಗೆ ಕೈ ಓಡುತ್ತಿತ್ತು. ಸದ್ದು ನಿಂತರೆ ಕೈಯೂ ನಿಲ್ಲುತ್ತಿತ್ತು. "ಅಣ್ಣಾ!" ಎಂದು ಕೂಗುತ್ತಿದ್ದೆ. ಅವರು ಸ್ಪಾನರಿನಲ್ಲಿ ತಗಡಿಗೆ ಎರಡು ಸಲ ಬಡಿದು, "ಉಂಟು, ಉಂಟು, ಜೀವ ಉಂಟು!" ಎನ್ನುತ್ತಿದ್ದರು. ಬರಬರುತ್ತಾ ಮಾತು ಬಿಟ್ಟುಹೋಯಿತು, ಬಡಿತ ಮಾತ್ರ ಉಳಿಯಿತು. ಅವರಿಗೆ ಅದು ತಮಾಷೆ. ನನಗೆ ಆ ನಡುವಿನ ಮೌನದಲ್ಲಿ ಪ್ರತಿ ಸಲವೂ ಕೋರೆಯ ಬದಿ ಜರಿಯುತ್ತಿತ್ತು.

ಮಳೆಗಾಲಕ್ಕೆ ಇನ್ನೂ ದಿನ ಇರುವಾಗಲೇ ಒಂದು ರಾತ್ರಿಯೆಲ್ಲ ಗುಡುಗಿ ಸುರಿಯಿತು. ಮರುದಿನ ಬಿಸಿಲು ಬಂದ ಕೂಡಲೇ ಅವರು ಅಡಿಗೆ ಹೋದರು. ಮಧ್ಯಾಹ್ನದ ಹೊತ್ತಿಗೆ ಸದ್ದು ನಿಂತಿತು.

"ಅಣ್ಣಾ!"

ಮತ್ತೆ ಕೂಗಿದೆ. ಆಮೇಲೆ ಕೇಳಿತು ಬಡಿತ... ಉಗುರಿನಲ್ಲಿ ಬಡಿದಷ್ಟು ಮೆಲ್ಲಗೆ.

ತೊಡೆಯ ಮೇಲಿದ್ದ ಬೀಡಿಯ ಮೊರ ಎಲ್ಲಿ ಬಿತ್ತೋ ಗೊತ್ತಿಲ್ಲ. ಬೇಲಿ ಹಾರಿದೆ. ಮುಂದಿನ ಒಂದು ಕಲ್ಲು ಸೀಳಿಹೋಗಿ ಕಾರು ಒಂದು ಬದಿಗೆ ವಾಲಿತ್ತು. ಅವರ ಲುಂಗಿ ಕಬ್ಬಿಣದ ಅಡಿಗೆ ಸಿಕ್ಕಿಕೊಂಡಿತ್ತು. ಎದೆಗೂ ತಗಡಿಗೂ ನಡುವೆ ಒಂದು ಅಂಗೈ ಜಾಗ. ಪಕ್ಕದ ಕಲ್ಲಿನಿಂದ ಕೆಂಪು ಪುಡಿ ಸುರಿಯುತ್ತಲೇ ಇತ್ತು.

"ಮುಟ್ಟಬೇಡಿ ಅಕ್ಕ," ಎಂದು ಪಿಸುಗುಟ್ಟಿದರು. "ಉಸಿರು ಬಿಟ್ಟರೂ ಕೆಳಗೆ ಬರ್ತದೆ."

ಓಡಿಹೋಗಬೇಕು ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಅವರ ಕೊಟ್ಟಿಗೆಯ ಹತ್ತಿರ ಕಟ್ಟಿಗೆ ಒಡೆಯುವ ಮರದ ಕೊರಡು ಇತ್ತು. ಅದನ್ನು ಉರುಳಿಸಿಕೊಂಡು ಬಂದು, ಉಸಿರು ಬಿಗಿಹಿಡಿದು, ಅವರ ಪಕ್ಕೆಗೆ ತಾಗುವಂತೆ ಕಾರಿನ ಅಡಿಗೆ ತಳ್ಳಿದೆ.

"ಇನ್ನು ಲುಂಗಿ ಬಿಚ್ಚಿ ಹೊರಗೆ ಬನ್ನಿ."

"ನಿಮ್ಮ ಎದುರು ಹೇಗೆ ಅಕ್ಕ..."

"ಹೆಣ ಆದ ಮೇಲೆ ಹೇಗೂ ನಾವೇ ಬಿಚ್ಚಬೇಕು. ಈಗ ನೀವೇ ಬಿಚ್ಚಿ!"

ಪಟ್ಟೆಪಟ್ಟೆ ಚಡ್ಡಿಯಲ್ಲಿ ತೆವಳಿಕೊಂಡು ಬಂದರು. ಪಾದ ಹೊರಗೆ ಬಂದಿತ್ತಷ್ಟೇ, ಎರಡನೇ ಕಲ್ಲೂ ಪುಡಿಯಾಯಿತು. ಕಾರು ಧಡ್ ಎಂದು ಕೊರಡಿನ ಮೇಲೆ ಕೂತಿತು. ಕೊರಡು ತಡೆಯಿತು. ಇಬ್ಬರೂ ಮಣ್ಣಿನಲ್ಲೇ ಕೂತೆವು. ಅವರು ನಗಲು ನೋಡಿದರು, ಹಲ್ಲು ಕಟಕಟ ಎನ್ನುತ್ತಿತ್ತು.

"ಇವಳಿಗೆ ಹೇಳಬೇಡಿ ಅಕ್ಕ."

"ಹೇಳ್ತೇನೆ," ಎಂದೆ. ಹೇಳಿದೆ ಕೂಡ. ಆ ಸಂಜೆ ಅವರ ಮನೆಯಲ್ಲಿ ಪಾತ್ರೆಗಳು ಬಹಳ ಮಾತಾಡಿದವು.

ಆಮೇಲೆ ಮುರಕಲ್ಲು ಹೋಯಿತು, ನಾಲ್ಕು ಮೂಲೆಗೂ ಹಲಸಿನ ಮರದ ಕೊರಡು ಬಂತು. ನನ್ನ ಕಿವಿ ಮಾತ್ರ ಕೆಲಸ ಬಿಡಲಿಲ್ಲ. ಮರು ವರ್ಷ ಕಾರು ಎದ್ದಿತು. ಕಪ್ಪು ಬಣ್ಣ, ಹೊಸ ರೆಕ್ಸಿನ್. ಹೆಂಡತಿಯನ್ನು ಮುಂದೆ, ನನ್ನನ್ನು ಹಿಂದೆ ಕೂರಿಸಿ ಕಾಪುವಿಗೆ ಹೋದರು. ದಾರಿಯುದ್ದಕ್ಕೂ ನಾನು ಬಾಗಿಲಿನ ಹಿಡಿಕೆ ಬಿಡಲಿಲ್ಲ. ಹೊಸ ರೆಕ್ಸಿನಿನ ಅಡಿಯಿಂದ ಅದೇ ಹಳೆಯ ಬೂಷ್ಟಿನ ವಾಸನೆ ಬರುತ್ತಿತ್ತು. ಅವರ ಹೆಂಡತಿ ಕಡಲನ್ನು ನೋಡಲೇ ಇಲ್ಲ. ಸ್ಟಿಯರಿಂಗ್ ಹಿಡಿದ ಗಂಡನ ಕೈಯನ್ನೇ ನೋಡುತ್ತಿದ್ದರು.

ಕೆಲವು ವರ್ಷ ಕಳೆದು ಒಂದು ಬೆಳಗ್ಗೆ ಡ್ರೈವರಣ್ಣ ಜಗಲಿಯಲ್ಲಿ ಚಾ ಕುಡಿಯುತ್ತಾ ಕೂತವರು ಹಾಗೆಯೇ ಹೋದರು. ಲೋಟ ಉರುಳಿದ ಸದ್ದೂ ನನಗೆ ಕೇಳಲಿಲ್ಲ. ಕಾರು ಸರಿಯಾಗಿ ಚಕ್ರದ ಮೇಲೆ ನಿಂತಿತ್ತಲ್ಲ, ಇನ್ನೆಂತ ಭಯ ಎಂದು ನಾನು ಕಿವಿ ಇಡುವುದನ್ನು ಬಿಟ್ಟಾಗಿತ್ತು. ಹೆಂಡತಿ ಬನ್ನಂಜೆಯಲ್ಲಿರುವ ಮಗಳ ಮನೆಗೆ ಹೋದರು. ಕಾರು ಯಾರ ಪಾಲಾಯಿತೋ ತಿಳಿಯದು. ಈಗ ಆಚೆಮನೆಯಲ್ಲಿ ಇರುವವರು ಒಳ್ಳೆಯವರೇ. ಬೇಲಿ ಇದ್ದಲ್ಲಿ ಎತ್ತರದ ಗೋಡೆ ಕಟ್ಟಿದ್ದಾರೆ.

ತುರಿಮಣೆಯ ತುಕ್ಕು ಹೋಯಿತು. ಹಲ್ಲಿನಲ್ಲಿ ಉಳಿದ ಪುಡಿ ಉದುರಲೆಂದು ಸೌಟಿನಿಂದ ಅದಕ್ಕೆ ಎರಡು ಸಲ ಬಡಿದೆ. ಟಣ್, ಟಣ್. ಬಡಿದು ಸುಮ್ಮನೆ ಕೂತೆ, ಗೋಡೆಯ ಕಡೆಗೆ ಕಿವಿ ಕೊಟ್ಟು... ಆಚೆ ಯಾರದೋ ಮಿಕ್ಸಿ ತಿರುಗುತ್ತಿತ್ತು. ಎದ್ದು ಕಾಯಿ ಒಡೆದೆ.