ಮೇಷ್ಟ್ರ ಕಾರಿನ ಮುಷ್ಕರ

ಗ್ಯಾರೇಜಿನ ಅಕ್ಕ ಅಪ್ಪನಿಂದ ಸ್ಪ್ಯಾನರ್ ಹಿಡಿಯುವುದನ್ನು ಕಲಿತವಳು. ಇಪ್ಪತ್ತು ವರ್ಷಗಳಿಂದ ಹಳೇ ಗಾಡಿಗಳ ರಿಪೇರಿಯೇ ಅವಳ ಬದುಕು. ಒಂದು ಬೆಳಿಗ್ಗೆ ನಿವೃತ್ತ ಮೇಷ್ಟ್ರು ಅವಳನ್ನು ಮನೆಗೆ ಕರೆಸಿದರು. ಅವರ ಮೂವತ್ತು ವರ್ಷದ ಕಾರು ಜಪ್ಪಯ್ಯ ಅಂದರೂ ಸ್ಟಾರ್ಟ್ ಆಗುತ್ತಿರಲಿಲ್ಲ.

ಬ್ಯಾಟರಿ ಸರಿಯಿತ್ತು, ಪೆಟ್ರೋಲೂ ಬರುತ್ತಿತ್ತು. ಪ್ಲಗ್ಗಿನಲ್ಲಿ ಮಾತ್ರ ಕಿಡಿಯಿಲ್ಲ. ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಬ್ಬಿಯ ಮುಚ್ಚಳ ತೆಗೆದು ನೋಡಿದರೆ, ಒಳಗೆ ತಿರುಗಬೇಕಾದ ರೋಟರೇ ಮಾಯ! ಅದು ತಾನಾಗಿ ಎದ್ದು ಹೋಗುವ ವಸ್ತುವಲ್ಲ. ಅಕ್ಕ ತಲೆಯೆತ್ತಿದಳು. ಬಾಗಿಲಲ್ಲಿದ್ದ ಮೇಷ್ಟ್ರ ಹೆಂಡತಿ ಕಣ್ಸನ್ನೆ ಮಾಡಿ ಒಳಗೆ ಕರೆದರು.

"ನಾನೇ ಕಿತ್ತಿಟ್ಟಿದೀನಿ ಕಣಮ್ಮ. ಹೋದ ಸಲ ನೀನು ಬಿಚ್ಚಿದ್ದು ನೋಡಿ ಕಲಿತೆ," ಎಂದು ಪಿಸುಗುಟ್ಟಿದರು. "ಇವರಿಗೆ ಕಣ್ಣು ಮಂಜಾಗಿದೆ. ಮೊನ್ನೆ ಪಕ್ಕದ್ಮನೆ ಗೇಟಿಗೇ ಗುದ್ದಿದ್ರು. ಕನ್ನಡಕ ಅಂದ್ರೆ ಮೈಮೇಲೆ ಬರ್ತಾರೆ."

ಅಕ್ಕ ನಗು ನುಂಗಿಕೊಂಡು ಹೊರಬಂದು ಮೇಷ್ಟ್ರ ಕೈಗೆ ಪ್ಲಗ್ ಕೊಟ್ಟಳು. "ಪಾರ್ಟ್ ತರಿಸ್ಬೇಕು ಮೇಷ್ಟ್ರೇ. ಇದರ ನಂಬರ್ ಸ್ವಲ್ಪ ಓದಿ."

ಮೇಷ್ಟ್ರು ಅದನ್ನು ಮೂಗಿನ ಹತ್ತಿರ ತಂದರು, ದೂರ ಹಿಡಿದರು. "ಅಳಿಸಿಹೋಗಿದೆ," ಎಂದರು.

ಅಕ್ಕ ನಿಂತಲ್ಲಿಂದಲೇ ನಂಬರು ಓದಿ ಹೇಳಿದಳು. ಮೇಷ್ಟ್ರು ಕೆಮ್ಮಿದರು. ಮರುದಿನ ಯಾರಿಗೂ ಹೇಳದೆ ಕಣ್ಣಿನ ಡಾಕ್ಟರ ಬಳಿ ಹೋದರು.

ಕನ್ನಡಕ ಬಂದ ದಿನವೇ ಪಾರ್ಟೂ "ಬಂತು". ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಮೇಷ್ಟ್ರು ಖುಷಿಯಿಂದ ಬಗ್ಗಿ ಎಂಜಿನ್ ನೋಡಿದರು. ಡಬ್ಬಿಯ ಪಕ್ಕದಲ್ಲಿ ಹಿಟ್ಟು ಮೆತ್ತಿದ ಐದು ಬೆರಳಿನ ಗುರುತು ಸ್ಪಷ್ಟವಾಗಿತ್ತು. ಹೆಂಡತಿಯ ಕಡೆ ಒಮ್ಮೆ ನೋಡಿ, ಅದನ್ನು ಕರ್ಚೀಫಿನಿಂದ ಒರೆಸಿಬಿಟ್ಟರು.